ಪೆಟ್ಟಿಗೆ ಬಿಚ್ಚುವ ಮುನ್ನ: ವಿದೇಶದ ಹೋಟೆಲ್ ರೂಮು ಕೈಕೊಡದಂತೆ, ಕೊಟ್ಟರೆ ಏನು ಮಾಡಬೇಕು ಎಂಬ ಸಮಗ್ರ ಮಾರ್ಗದರ್ಶಿ

ನಮ್ಮೂರಲ್ಲಿ ರೂಮು ಮಾಡುವ ಕ್ರಮವೇ ಬೇರೆ. ಲಾಡ್ಜಿನ ಕೌಂಟರಿನಲ್ಲಿ ನಿಂತು "ರೂಮು ತೋರ್ಸಿ, ನೋಡಿ ಹೇಳ್ತೀವಿ" ಅನ್ನುತ್ತೇವೆ. ಹುಡುಗ ಕೀಲಿ ಹಿಡಿದು ಮುಂದೆ ಹೋಗುತ್ತಾನೆ. ನಲ್ಲಿ ತಿರುಗಿಸಿ, ಫ್ಯಾನ್ ಹಾಕಿ, ಹಾಸಿಗೆ ಒತ್ತಿ ನೋಡಿ, ಆಮೇಲೆ ಅಡ್ವಾನ್ಸ್. ಹಿಡಿಸದಿದ್ದರೆ ಎದುರಿನ ಲಾಡ್ಜು ಇದ್ದೇ ಇದೆ. ವಿದೇಶ ಪ್ರವಾಸದಲ್ಲಿ ಇದೆಲ್ಲ ತಲೆಕೆಳಗು. ದುಡ್ಡು ಎರಡು ತಿಂಗಳು ಮುಂಚೆ ಹೋಗಿರುತ್ತದೆ, ರೂಮು ಕಣ್ಣಿಗೆ ಬೀಳುವುದು ಹದಿನೆಂಟು ಗಂಟೆ ಪ್ರಯಾಣ ಮಾಡಿ ಕಣ್ಣು ಕೂರುತ್ತಿರುವಾಗ.

ಹಾಗಾಗಿ "ನೋಡಿ ಹೇಳುವ" ಕೆಲಸವನ್ನು ಎರಡು ಕಂತಿನಲ್ಲಿ ಮಾಡಬೇಕು. ಅರ್ಧ ಬುಕ್ ಮಾಡುವಾಗ, ಇನ್ನರ್ಧ ರೂಮಿಗೆ ಕಾಲಿಟ್ಟ ಮೊದಲ ಹದಿನೈದು ನಿಮಿಷದಲ್ಲಿ, ಪೆಟ್ಟಿಗೆ ಬಿಚ್ಚುವ ಮುನ್ನ. ಬಟ್ಟೆ ಹರಡಿ, ಸ್ನಾನ ಮಾಡಿ, ಒಂದು ರಾತ್ರಿ ಮಲಗೆದ್ದು ದೂರು ಹೇಳಿದರೆ ಆ ದೂರಿಗೆ ಅರ್ಧ ಬೆಲೆಯೂ ಇರುವುದಿಲ್ಲ.

ಬುಕ್ ಮಾಡುವಾಗ: ಸ್ಟಾರ್ ಬಿಡಿ, ಚದರ ಮೀಟರ್ ನೋಡಿ

ಸ್ಟಾರ್ ಎಂಬುದಕ್ಕೆ ಜಗತ್ತಿನಾದ್ಯಂತ ಒಂದೇ ಅಳತೆ ಇಲ್ಲ. ಯೂರೋಪಿನ ಹಲವು ದೇಶಗಳು ಹೋಟೆಲ್‌ಸ್ಟಾರ್ಸ್ ಯೂನಿಯನ್ ಎಂಬ ಒಕ್ಕೂಟದ ಒಂದೇ ಪಟ್ಟಿ ಪಾಲಿಸುತ್ತವೆ. ಇಟಲಿಯಲ್ಲಿ ಆಯಾ ಪ್ರಾಂತ್ಯದ ನಿಯಮ. ಅಮೆರಿಕದಲ್ಲಿ, ಜಪಾನಿನಲ್ಲಿ ಸರ್ಕಾರ ಕೊಡುವ ಸ್ಟಾರೇ ಇಲ್ಲ. ಬುಕಿಂಗ್ ಸೈಟಿನಲ್ಲಿ ಕಾಣುವ ಸ್ಟಾರನ್ನು ಹೋಟೆಲೋ ಸೈಟೋ ತಾನೇ ಹಾಕಿಕೊಂಡಿರುತ್ತದೆ. ಅಲ್ಲದೆ ಸ್ಟಾರು ಎಣಿಸುವುದು ಸೌಲಭ್ಯವನ್ನು: ಲಿಫ್ಟ್ ಇದೆಯೇ, ರಿಸೆಪ್ಷನ್ ಎಷ್ಟು ಹೊತ್ತು ತೆರೆದಿರುತ್ತದೆ, ರೂಮಿನಲ್ಲಿ ಸೇಫ್ ಇದೆಯೇ. ಕಾರ್ಪೆಟ್ ವಾಸನೆ ಹೊಡೆಯುತ್ತದೋ ಇಲ್ಲವೋ ಅನ್ನುವುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ನಿಜ ಹೇಳುವ ಅಂಕಿ ರೂಮಿನ ಅಳತೆ. ಪ್ಯಾರಿಸ್ಸಿನ ಮಧ್ಯಮ ದರ್ಜೆಯ ಹೋಟೆಲಿನಲ್ಲಾಗಲಿ ಟೋಕಿಯೊದ ಬಿಸಿನೆಸ್ ಹೋಟೆಲಿನಲ್ಲಾಗಲಿ 12 ಚದರ ಮೀಟರ್ ರೂಮು ತೀರಾ ಸಾಮಾನ್ಯ. ನಮ್ಮ ಲೆಕ್ಕದಲ್ಲಿ ಅದು ಸುಮಾರು 130 ಚದರಡಿ, ಅಂದರೆ ಹತ್ತು-ಹದಿಮೂರರ ಕೋಣೆ. ಎಷ್ಟೋ ಕಡೆ ಬಾತ್‌ರೂಮು ಈ ಲೆಕ್ಕದ ಒಳಗೇ. ಎರಡು ದೊಡ್ಡ ಸೂಟ್‌ಕೇಸ್ ನೆಲದ ಮೇಲೆ ತೆರೆದಿಟ್ಟರೆ ಮೂರನೆಯವರು ಮಂಚ ಹತ್ತಿಯೇ ಓಡಾಡಬೇಕು. ಇಬ್ಬರಿಗೆ 16, ಒಂದು ಮಗು ಜೊತೆಗಿದ್ದರೆ 20 ಚದರ ಮೀಟರಿಗಿಂತ ಕಡಿಮೆ ಬೇಡ ಎಂಬುದು ನಮ್ಮ ಸಲಹೆ.

ಮಂಚದ ಹೆಸರಿಗೂ ಮೋಸ ಹೋಗಬೇಡಿ. ನಮ್ಮ ಕ್ವೀನ್ ಸೈಜ್ ಐದಡಿ ಅಗಲ, ಕಿಂಗ್ ಆರಡಿ. ಫ್ರಾನ್ಸಿನ "ಡಬಲ್" ಬಹಳ ಕಡೆ 140 ಸೆಂ.ಮೀ., ಅಂದರೆ ನಾಲ್ಕಡಿ ಏಳಿಂಚು. ಜಪಾನಿನ "ಸೆಮಿ ಡಬಲ್" 120 ಸೆಂ.ಮೀ.; ನಾಲ್ಕಡಿ ಮಂಚಕ್ಕೆ ಇಬ್ಬರೆಂದು ಮಾರುತ್ತಾರೆ. ಮಧ್ಯ ಯೂರೋಪಿನಲ್ಲಿ ಡಬಲ್ ಅಂದರೆ ಎರಡು ಒಂಟಿ ಹಾಸಿಗೆಗಳನ್ನು ಜೋಡಿಸಿ ಎರಡು ಬೇರೆ ಬೇರೆ ಹೊದಿಕೆ ಇಡುವುದು. ಅದು ತಪ್ಪಲ್ಲ, ಅಲ್ಲಿನ ರೂಢಿ, ದೂರಿ ಪ್ರಯೋಜನವಿಲ್ಲ.

ರೂಮಿನ ವಿವರದಲ್ಲಿ ಈ ಕೆಳಗಿನವು ಬರೆದಿದೆಯೇ ಎಂದು ಹುಡುಕಿ. ಬರೆದಿಲ್ಲದಿದ್ದರೆ ಇಲ್ಲ ಎಂದೇ ತಿಳಿಯಿರಿ.

- ಕಿಟಕಿ. ಸಿಂಗಪುರ, ಕೌಲಾಲಂಪುರ, ಹಾಂಗ್‌ಕಾಂಗ್, ಲಂಡನ್‌ಗಳಲ್ಲಿ ಕಿಟಕಿಯೇ ಇಲ್ಲದ ರೂಮುಗಳನ್ನು ಅಗ್ಗದ ದರಕ್ಕೆ ಕೊಡುತ್ತಾರೆ. "ಇಂಟೀರಿಯರ್", "ನೋ ವ್ಯೂ" ಎಂಬ ಪದ ಕಂಡರೆ ಅನುಮಾನಿಸಿ.
- ಲಿಫ್ಟ್. ಯೂರೋಪಿನ ಹಳೆಯ ಕಟ್ಟಡಗಳಲ್ಲಿ ನೆಲಮಹಡಿಯಿಂದ ಲಿಫ್ಟಿನ ತನಕ ಅರ್ಧ ಮಹಡಿ ಮೆಟ್ಟಿಲು ಇರಬಹುದು. ಒಳಗೆ ಇಬ್ಬರು ನಿಂತರೆ ಪೆಟ್ಟಿಗೆಗೆ ಜಾಗವಿಲ್ಲ.
- ಎಸಿ. ಬ್ರಿಟನ್, ಜರ್ಮನಿ, ನೆದರ್‌ಲೆಂಡ್ಸ್, ಫ್ರಾನ್ಸ್‌ಗಳಲ್ಲಿ ಎಸಿ ಇಲ್ಲದ ಹೋಟೆಲು ಬೇಕಾದಷ್ಟಿವೆ. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಇದನ್ನು ಮರೆತರೆ ಬೆವರಬೇಕಾಗುತ್ತದೆ. ಫ್ಯಾನ್ ಅಂತೂ ಕೇಳಲೇಬೇಡಿ.
- ಸ್ವಂತ ಬಾತ್‌ರೂಮು. "ಪ್ರೈವೇಟ್" ಎಂದರೆ ನಿಮಗೆ ಮಾತ್ರ ಸೇರಿದ್ದು, ಆದರೆ ಕಾರಿಡಾರಿನ ಆಚೆ ಇರಬಹುದು. ರೂಮಿಗೇ ಅಂಟಿಕೊಂಡದ್ದು ಬೇಕಿದ್ದರೆ "ಎನ್‌ಸ್ವೀಟ್" ಎಂದು ಬರೆದಿರಬೇಕು.
- ವಯಸ್ಸಾದವರು ಜೊತೆಗಿದ್ದರೆ "ವಾಕ್-ಇನ್ ಶವರ್". ಬಾತ್‌ಟಬ್ಬಿನೊಳಗೇ ಶವರ್ ಇದ್ದರೆ ಮೊಣಕಾಲು ನೋವಿನವರು ದಿನಾ ಟಬ್ಬಿನ ಅಂಚು ದಾಟಬೇಕು. ಪ್ರವಾಸದಲ್ಲಿ ಜಾರಿ ಬೀಳುವ ಜಾಗ ಇದೇ.

ವಿಮರ್ಶೆ ಓದುವುದಕ್ಕೂ ಒಂದು ಕ್ರಮ ಇದೆ. ಹತ್ತಕ್ಕೆ ಹತ್ತು ಕೊಟ್ಟವರನ್ನೂ ಒಂದು ಕೊಟ್ಟವರನ್ನೂ ಬಿಡಿ. ನಡುವಿನ ಅಂಕ ಕೊಟ್ಟವರು ಇದ್ದದ್ದನ್ನು ಇದ್ದಂತೆ ಬರೆದಿರುತ್ತಾರೆ. ಇತ್ತೀಚಿನದು ಮೊದಲು ಬರುವಂತೆ ಜೋಡಿಸಿ, ಕಳೆದ ಮೂರು ತಿಂಗಳದ್ದು ಮಾತ್ರ ಓದಿ. ನಿರ್ವಹಣೆ ಬದಲಾದರೆ ಹೋಟೆಲಿನ ಹಣೆಬರಹ ಆರು ತಿಂಗಳಲ್ಲಿ ಬದಲಾಗುತ್ತದೆ. ವಿಮರ್ಶೆಗಳೊಳಗೆ ಹುಡುಕುವ ಸೌಲಭ್ಯದಲ್ಲಿ ಗದ್ದಲ, ವಾಸನೆ, ಲಿಫ್ಟ್, ತಿಗಣೆ, ಕಟ್ಟಡ ಕಾಮಗಾರಿ ಇವಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಆ ಪದಗಳನ್ನು ಒಂದೊಂದಾಗಿ ಹಾಕಿ. ಒಂದೇ ದೂರು ಮೂರು ಬೇರೆ ಬೇರೆ ತಿಂಗಳಲ್ಲಿ ಕಂಡರೆ ಅದು ಆಕಸ್ಮಿಕವಲ್ಲ. ಹತ್ತಕ್ಕೆ 7.5 ಅಂಕ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು. ಬುಕಿಂಗ್ ಸೈಟಿನಲ್ಲಿ ಅದು ಪಾಸಾದಂತೆ ಅಷ್ಟೆ. ನಾವಾದರೆ 8ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಫೋಟೋಗಳಲ್ಲಿ ಹೋಟೆಲಿನವರು ಹಾಕಿದ್ದನ್ನಲ್ಲ, ಉಳಿದವರು ಹಾಕಿದ್ದನ್ನು ನೋಡಿ. ಆಮೇಲೆ ಗೂಗಲ್ ಮ್ಯಾಪಿನ ಸ್ಟ್ರೀಟ್ ವ್ಯೂನಲ್ಲಿ ಬಾಗಿಲ ಮುಂದೆ ನಿಂತು ಸುತ್ತ ಒಮ್ಮೆ ತಿರುಗಿ. ಕೆಳಗೆ ಬಾರ್ ಇದೆಯೇ, ಎದುರು ಟ್ರಾಮ್ ನಿಲ್ದಾಣವೇ, ಪಕ್ಕದಲ್ಲಿ ಕ್ರೇನ್ ನಿಂತಿದೆಯೇ. ಬೀದಿಯ ಗುಣವೂ ಗೊತ್ತಿರಬೇಕು. ದುಬೈನ ದೇರಾ, ಬರ್ ದುಬೈ ಭಾಗದ ಹಲವು ಅಗ್ಗದ ಹೋಟೆಲುಗಳ ಕೆಳಮಹಡಿಯಲ್ಲಿ ನೈಟ್‌ಕ್ಲಬ್ ಇರುತ್ತದೆ. ಸಿಂಗಪುರದ ಗೇಲಾಂಗ್‌ನಲ್ಲಿ ದರ ಕಡಿಮೆ ಇರುವುದಕ್ಕೆ ಅಲ್ಲಿನ ಕೆಂಪು ದೀಪದ ಗಲ್ಲಿಗಳು ಕಾರಣ. ಸೈಟು ತೋರಿಸುವ ದೂರ ಹಲವು ಸಲ ಕಾಗೆ ಹಾರುವ ದೂರ. ನಡೆಯುವ ದೂರವನ್ನು ನೀವೇ ಮ್ಯಾಪಿನಲ್ಲಿ ಅಳೆಯಿರಿ.

ಮಕ್ಕಳನ್ನು ಲೆಕ್ಕಕ್ಕೆ ಸೇರಿಸದೆ ಬುಕ್ ಮಾಡಿ "ಅಲ್ಲಿ ಒಂದು ಎಕ್ಸ್‌ಟ್ರಾ ಬೆಡ್ ಕೇಳಿದರಾಯಿತು" ಎಂದುಕೊಳ್ಳುವುದು ನಮ್ಮವರು ಮಾಡುವ ದೊಡ್ಡ ತಪ್ಪು. ಯೂರೋಪಿನಲ್ಲಿ ರೂಮಿಗೆ ಎಷ್ಟು ಜನ ಎಂಬುದು ಅಗ್ನಿಸುರಕ್ಷತೆಯ ನಿಯಮಕ್ಕೆ ಸೇರಿದ್ದು. ಇಬ್ಬರ ರೂಮಿಗೆ ನಾಲ್ವರು ಹೋದರೆ ಎರಡನೇ ರೂಮು ತೆಗೆದುಕೊಳ್ಳಿ ಅನ್ನುತ್ತಾರೆ, ಅದೂ ಆ ದಿನದ ದರಕ್ಕೆ. ಮಕ್ಕಳ ವಯಸ್ಸು ಸಮೇತ ನಮೂದಿಸಿ.

ದರದ ಹಿಂದಿರುವ ಬಾಲ

ಸೈಟಿನಲ್ಲಿ ಕಟ್ಟಿದ ಮೇಲೂ ಕೌಂಟರಿನಲ್ಲಿ ಕಟ್ಟುವುದು ಬಾಕಿ ಇರುತ್ತದೆ. ರೋಮ್‌ನಲ್ಲಿ 2023ರ ಅಕ್ಟೋಬರ್‌ನಿಂದ ಮೂರು ಸ್ಟಾರಿನ ಹೋಟೆಲಿಗೆ ತಲಾ ರಾತ್ರಿಗೆ 6 ಯೂರೊ ನಗರ ತೆರಿಗೆ. ದಂಪತಿ ನಾಲ್ಕು ರಾತ್ರಿ ಉಳಿದರೆ 48 ಯೂರೊ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 2024ರಿಂದ ರೂಮಿನ ದರದ ಶೇ 12.5. ಮಲೇಷ್ಯಾದಲ್ಲಿ ವಿದೇಶಿಯರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್. ದುಬೈನಲ್ಲಿ ದರ್ಜೆಗೆ ತಕ್ಕಂತೆ 7ರಿಂದ 20 ದಿರ್ಹಮ್. ಇವು ಸರ್ಕಾರದವು, ಇವುಗಳ ಬಗ್ಗೆ ಜಗಳಾಡುವಂತಿಲ್ಲ. ಲಾಸ್ ವೇಗಸ್‌ನಂಥ ಕಡೆ ಹೋಟೆಲಿನವರೇ ಹಾಕುವ "ರೆಸಾರ್ಟ್ ಫೀ" ಬೇರೆ ಜಾತಿ. ಅದನ್ನು ಒಟ್ಟು ದರದೊಳಗೇ ಸೇರಿಸಿ ಮೊದಲೇ ತೋರಿಸಬೇಕೆಂಬ ನಿಯಮ ಅಮೆರಿಕದಲ್ಲಿ 2025ರ ಮೇ 12ರಿಂದ ಇದೆ. ಮೊದಲು ತೋರಿಸದ ಫೀ ಕೌಂಟರಿನಲ್ಲಿ ಕೇಳಿದರೆ ಬುಕಿಂಗಿನ ಸ್ಕ್ರೀನ್‌ಶಾಟ್ ಮುಂದಿಡಿ.

ಇನ್ನು ಠೇವಣಿ. ಚೆಕ್-ಇನ್ ಆಗುವಾಗ ಹೋಟೆಲು ಕಾರ್ಡಿನಲ್ಲಿ ಒಂದು ಮೊತ್ತ ತಡೆಹಿಡಿಯುತ್ತದೆ. ಕ್ರೆಡಿಟ್ ಕಾರ್ಡ್ ಕೊಟ್ಟರೆ ಅಷ್ಟು ಮಿತಿ ಮಾತ್ರ ಲಾಕ್ ಆಗುತ್ತದೆ. ಡೆಬಿಟ್ ಕಾರ್ಡ್ ಅಥವಾ ಫಾರೆಕ್ಸ್ ಕಾರ್ಡ್ (ವಿದೇಶಿ ಕರೆನ್ಸಿ ಮೊದಲೇ ತುಂಬಿಸಿಕೊಂಡ ಕಾರ್ಡ್) ಕೊಟ್ಟರೆ ನಿಮ್ಮ ನಿಜವಾದ ದುಡ್ಡೇ ಸಿಕ್ಕಿಕೊಳ್ಳುತ್ತದೆ, ಬಿಡುಗಡೆಯಾಗಲು ವಾರದಿಂದ ತಿಂಗಳು ಹಿಡಿಯಬಹುದು. ಪ್ರವಾಸದ ನಡುವೆ ಫಾರೆಕ್ಸ್ ಕಾರ್ಡು ಖಾಲಿಯಾದಂತೆ ಕಾಣುವುದು ಹಲವು ಸಲ ಇದರಿಂದಲೇ. ಠೇವಣಿಗೆ ಕ್ರೆಡಿಟ್ ಕಾರ್ಡ್, ಕೊನೆಯ ಬಿಲ್ಲಿಗೆ ಫಾರೆಕ್ಸ್ ಕಾರ್ಡ್: ಈ ಕ್ರಮ ಇಟ್ಟುಕೊಳ್ಳಿ. ಹೊರಡುವ ಮುಂಚೆ ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ.

ಕಾರ್ಡ್ ಯಂತ್ರ ನಿಮ್ಮತ್ತ ತಿರುಗಿದಾಗ ಪರದೆಯನ್ನು ಓದಿ. "ರೂಪಾಯಿಯಲ್ಲಿ ಕಟ್ಟುತ್ತೀರಾ, ಯೂರೊದಲ್ಲೇ" ಎಂದು ಎರಡು ಗುಂಡಿ ಬರುತ್ತದೆ. ರೂಪಾಯಿ ಕಂಡು ಜೀವ ಹಗುರಾಗುತ್ತದೆ, ಒತ್ತಬೇಡಿ. ಆ ವಿನಿಮಯ ದರ ಯಂತ್ರದ ಹಿಂದಿರುವ ಕಂಪನಿಯದು, ಎಷ್ಟೋ ಸಲ ಶೇ 5ಕ್ಕೂ ಮೇಲೆ ದುಬಾರಿ. ಅದರ ಮೇಲೆ ಕೆಲವು ಬ್ಯಾಂಕುಗಳು ಮತ್ತೆ ಶುಲ್ಕ ಹಾಕುತ್ತವೆ. ಸದಾ ಆ ದೇಶದ ಕರೆನ್ಸಿ. ಕೌಂಟರಿನವರು ಕೇಳದೆ ರೂಪಾಯಿ ಒತ್ತಿಬಿಟ್ಟರೆ ಸಹಿ ಮಾಡದೆ "ರದ್ದು ಮಾಡಿ ಮತ್ತೆ ಹಾಕಿ" ಅನ್ನಿ.

ರದ್ದು ಮಾಡುವ ಗಡುವು ಯಾರ ಗಡಿಯಾರದ್ದು?

ಅಲ್ಲಿನ ಗಡಿಯಾರದ್ದು. ಟೋಕಿಯೊ ಹೋಟೆಲಿನಲ್ಲಿ "10ನೇ ತಾರೀಖು ರಾತ್ರಿ 11:59ರವರೆಗೆ ಉಚಿತ ರದ್ದತಿ" ಎಂದರೆ ನಮ್ಮಲ್ಲಿ ರಾತ್ರಿ 8:29ಕ್ಕೇ ಮುಗಿಯಿತು. ಪೂರ್ವದ ದೇಶಗಳಲ್ಲಿ ಗಡುವು ನಮಗಿಂತ ಮೊದಲು ಬರುತ್ತದೆ, ಪಶ್ಚಿಮದಲ್ಲಿ ಆಮೇಲೆ. ಗೊಂದಲವೇ ಬೇಡ ಅನ್ನುವವರು ಒಂದು ದಿನ ಮುಂಚಿನ ತಾರೀಖನ್ನು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾಕ್ಕೆ ಉಳಿಯುವ ಜಾಗದ ದಾಖಲೆ ಬೇಕೇ ಬೇಕು. ವೀಸಾ ಕೈಗೆ ಬರುವ ತನಕ ರದ್ದಾಗದ ಅಗ್ಗದ ದರ ಮುಟ್ಟಬೇಡಿ. ಉಚಿತ ರದ್ದತಿಯ ದರದಲ್ಲಿ ಎಲ್ಲರ ಹೆಸರೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬುಕ್ ಮಾಡಿ.

ಇನ್ನೊಂದು ಲೆಕ್ಕ ಇದೆ, ಇದನ್ನು ತಪ್ಪಿದವರೇ ಹೆಚ್ಚು. ನಮ್ಮ ಎಷ್ಟೋ ಲಾಡ್ಜುಗಳಲ್ಲಿ 24 ಗಂಟೆಯ ಚೆಕ್-ಔಟ್. ಯಾವಾಗ ಹೋದರೂ ರೂಮು. ವಿದೇಶದಲ್ಲಿ ಚೆಕ್-ಇನ್ ಮಧ್ಯಾಹ್ನ 2 ಅಥವಾ 3ಕ್ಕೆ, ಚೆಕ್-ಔಟ್ ಬೆಳಿಗ್ಗೆ 11 ಅಥವಾ 12ಕ್ಕೆ. ಬೆಂಗಳೂರಿನಿಂದ ರಾತ್ರಿ ಹೊರಟ ವಿಮಾನ ಬೆಳಿಗ್ಗೆ ಇಳಿಸಿದರೆ ಏಳೆಂಟು ಗಂಟೆ ಲಾಬಿಯಲ್ಲಿ ತೂಕಡಿಕೆ. ಮಕ್ಕಳು, ಹಿರಿಯರು ಇದ್ದರೆ ಹಿಂದಿನ ರಾತ್ರಿಯಿಂದಲೇ ಬುಕ್ ಮಾಡಿ. ಆದರೆ ಹಾಗೆ ಮಾಡಿದಾಗ ಹೋಟೆಲಿಗೆ ಬರೆದು ತಿಳಿಸುವುದು ಕಡ್ಡಾಯ. ಇಲ್ಲದಿದ್ದರೆ ಆ ರಾತ್ರಿ ನೀವು ಬರಲಿಲ್ಲವೆಂದು "ನೋ ಶೋ" ಹಾಕಿ ಇಡೀ ಬುಕಿಂಗನ್ನೇ ಅಳಿಸಿಬಿಡುತ್ತಾರೆ.

ಹೊರಡುವ ವಾರ: ಒಂದೇ ಒಂದು ಇಮೇಲ್

ಪ್ರಯಾಣಕ್ಕೆ ಐದಾರು ದಿನ ಮುಂಚೆ ಹೋಟೆಲಿಗೆ ನೇರವಾಗಿ ಬರೆಯಿರಿ. ಇಮೇಲ್ ವಿಳಾಸವನ್ನು ಹೋಟೆಲಿನ ಸ್ವಂತ ಜಾಲತಾಣದಿಂದ ತೆಗೆದುಕೊಳ್ಳಿ. ಐದು ಸಾಲು ಸಾಕು: ಯಾರ ಹೆಸರಿನಲ್ಲಿ, ಯಾವ ತಾರೀಖು, ಎಷ್ಟು ಜನ, ಎಷ್ಟು ಗಂಟೆಗೆ ಬರುತ್ತೀರಿ, ಮಂಚ ಜೋಡಿಯೋ ಒಂಟಿಯೋ, ಲಿಫ್ಟಿನಿಂದ ದೂರ, ಮೇಲಿನ ಮಹಡಿ, ಬೀದಿಗಲ್ಲದೆ ಒಳ ಅಂಗಳಕ್ಕೆ ಮುಖ ಮಾಡಿದ ರೂಮು ಸಿಕ್ಕರೆ ಒಳ್ಳೆಯದು ಎಂಬ ಕೋರಿಕೆ, ಕೊನೆಗೆ "ನಿಮ್ಮ ಕಡೆಯ ಬುಕಿಂಗ್ ಸಂಖ್ಯೆ ತಿಳಿಸಿ".

ಆ ಕೊನೆಯ ಸಾಲೇ ಮುಖ್ಯ. ಸೈಟಿನವರು ಕೊಡುವ ಸಂಖ್ಯೆ ಬೇರೆ, ಹೋಟೆಲಿನ ಕಂಪ್ಯೂಟರಿನ ಸಂಖ್ಯೆ ಬೇರೆ. ತೀರಾ ಅಗ್ಗದ ದರಗಳು ಹಲವು ಸಲ ನೀವು ನೋಡಿದ ಸೈಟಿನಿಂದ ಒಬ್ಬ ಸಗಟು ವ್ಯಾಪಾರಿ, ಅವನಿಂದ ಇನ್ನೊಬ್ಬ ಎಂದು ಎರಡು-ಮೂರು ಕೈ ದಾಟಿ ಹೋಟೆಲು ತಲುಪುತ್ತವೆ. ನಡುವೆ ಒಂದು ಕೊಂಡಿ ಕಳಚಿದರೂ ಕೌಂಟರಿನಲ್ಲಿ "ನಿಮ್ಮ ಹೆಸರೇ ಇಲ್ಲವಲ್ಲ" ಎಂಬ ಮಾತು ಕೇಳಬೇಕಾಗುತ್ತದೆ. ಮೊದಲೇ ಗೊತ್ತಾದರೆ ಸರಿಮಾಡಿಸಲು ಐದು ದಿನ ಇದೆ.

ಎಚ್ಚರ: ಬುಕಿಂಗ್ ಆ್ಯಪಿನ ಚಾಟ್ ಒಳಗೇ "ಕಾರ್ಡ್ ಪರಿಶೀಲನೆ ಆಗಿಲ್ಲ, ಈ ಲಿಂಕ್ ಒತ್ತಿ, ಇಲ್ಲವಾದರೆ ರದ್ದು" ಎಂದು ಸಂದೇಶ ಬಂದರೆ ಒತ್ತಬೇಡಿ. ವಂಚಕರು ಹೋಟೆಲಿನ ಖಾತೆಗೇ ನುಗ್ಗಿ ನಿಮ್ಮ ಹೆಸರು, ತಾರೀಖು ಎಲ್ಲ ಸರಿಯಾಗಿ ಬರೆದು ಕಳಿಸುತ್ತಾರೆ. ಹೋಟೆಲಿಗೆ ಫೋನ್ ಮಾಡಿ ಕೇಳಿ.

ಪೆಟ್ಟಿಗೆಗೆ ಸೇರಿಸಬೇಕಾದ ಸಣ್ಣಪುಟ್ಟದು: ಪ್ಲಗ್ ಅಡಾಪ್ಟರ್ (ಬ್ರಿಟನ್, ಸಿಂಗಪುರ, ಮಲೇಷ್ಯಾ, ದುಬೈಗೆ ಮೂರು ಚಪ್ಪಟೆ ಕಾಲಿನದು, ಯೂರೋಪಿಗೆ ನಮ್ಮ ಎರಡು ಪಿನ್ನಿನ ಚಾರ್ಜರ್ ಸಾಮಾನ್ಯವಾಗಿ ನಡೆಯುತ್ತದೆ). ಜಪಾನಿನ ವಿದ್ಯುತ್ತು 100 ವೋಲ್ಟ್, ಅಮೆರಿಕದ್ದು 120. ಇಲ್ಲಿಂದ ಒಯ್ದ ಕೆಟಲ್ ಅಲ್ಲಿ ನೀರನ್ನು ಬೆಚ್ಚಗೆ ಮಾಡಿ ಸುಮ್ಮನಾಗುತ್ತದೆ. ಯೂರೋಪಿನಲ್ಲಾಗಲಿ ಅಮೆರಿಕದಲ್ಲಾಗಲಿ ಕಮೋಡಿನ ಪಕ್ಕ ಸಾಮಾನ್ಯವಾಗಿ ಜೆಟ್ ಸ್ಪ್ರೇ ಇರುವುದಿಲ್ಲ, ಮಗ್ಗಂತೂ ಇಲ್ಲವೇ ಇಲ್ಲ. ಮಡಚುವ ಮಗ್ಗೋ ಒತ್ತುವ ಬಾಟಲಿಯೋ ಒಂದಿರಲಿ. ಥಾಯ್ಲೆಂಡ್, ಮಲೇಷ್ಯಾದಲ್ಲಿ ಈ ಚಿಂತೆ ಇಲ್ಲ.

ಮೊದಲ ಹದಿನೈದು ನಿಮಿಷ

ರೂಮಿಗೆ ಹೋದ ಕೂಡಲೇ ಪೆಟ್ಟಿಗೆಗಳನ್ನು ಮಂಚದ ಮೇಲಲ್ಲ, ಕಾರ್ಪೆಟ್ಟಿನ ಮೇಲೂ ಅಲ್ಲ, ಬಾತ್‌ರೂಮಿನ ಟೈಲ್ಸ್ ಮೇಲೆ ಅಥವಾ ಟಬ್ಬಿನೊಳಗೆ ಇಡಿ. ಒಬ್ಬರು ವಿಡಿಯೊ ಮಾಡಲಿ, ಒಬ್ಬರು ಪರೀಕ್ಷೆ ಮಾಡಲಿ. ಮಕ್ಕಳು ಮಂಚಕ್ಕೆ ಹಾರದಂತೆ ಐದು ನಿಮಿಷ ತಡೆಯಿರಿ.

1. ಬಾಗಿಲು. ಒಳಗಿನಿಂದ ಚಿಲಕ ಬೀಳುತ್ತದೆಯೇ, ಪಕ್ಕದ ರೂಮಿಗೆ ನಡುಬಾಗಿಲು ಇದ್ದರೆ ಬೀಗ ಹಾಕಿದೆಯೇ, ಬಾಲ್ಕನಿ ಬಾಗಿಲು ಮುಚ್ಚುತ್ತದೆಯೇ.

2. ಮೂಗು. ಒಳಗೆ ಕಾಲಿಟ್ಟ ಮೊದಲ ನಿಮಿಷದಲ್ಲಿ ಬಂದ ವಾಸನೆಯನ್ನೇ ನಂಬಿ. ಹತ್ತು ನಿಮಿಷದಲ್ಲಿ ಮೂಗು ಒಗ್ಗಿಹೋಗುತ್ತದೆ. ಸಿಗರೇಟು ವಾಸನೆ ಇದ್ದರೆ ಆಗಲೇ ಹೇಳಬೇಕು. ಇಲ್ಲದಿದ್ದರೆ ಹೋಗುವಾಗ ನೀವೇ ಸೇದಿದ್ದೆಂದು ಶುಚಿಗೊಳಿಸುವ ದಂಡ ಬೀಳಬಹುದು.

3. ಹಾಸಿಗೆ. ಇದಕ್ಕೆ ಮಾತ್ರ ಪೂರ್ತಿ ಐದು ನಿಮಿಷ ಕೊಡಿ. ಫೋನಿನ ಟಾರ್ಚ್ ಹಾಕಿ, ತಲೆದಿಂಬಿನ ಕಡೆಯ ಎರಡೂ ಮೂಲೆಯಲ್ಲಿ ಬೆಡ್‌ಶೀಟನ್ನೂ ಅದರ ಕೆಳಗಿನ ಕವರನ್ನೂ ಎತ್ತಿ, ಹಾಸಿಗೆಯ ಅಂಚಿನ ಹೊಲಿಗೆಯ ಉದ್ದಕ್ಕೂ ಬೆರಳಿನಿಂದ ಬಿಡಿಸುತ್ತಾ ಹೋಗಿ. ತಿಗಣೆ ಸೇಬಿನ ಬೀಜದಷ್ಟು, ನಾಲ್ಕೈದು ಮಿಲಿಮೀಟರ್, ಚಪ್ಪಟೆ, ಕಂದು. ಹುಳ ಕಾಣದಿದ್ದರೂ ಗುರುತು ಕಾಣುತ್ತದೆ: ಕಪ್ಪು ಪೆನ್ನಿನಿಂದ ಚುಕ್ಕೆ ಇಟ್ಟಂತೆ ಸಾಲು ಸಾಲು, ಒರೆಸಿದರೆ ಹರಡುವಂಥದ್ದು, ತುಕ್ಕಿನ ಬಣ್ಣದ ಕಲೆ, ತೆಳು ಹಳದಿ ಪೊರೆ. ಆಮೇಲೆ ಮಂಚದ ತಲೆಹಲಗೆಗೂ ಗೋಡೆಗೂ ನಡುವಿನ ಸಂದಿ. ಹೆಚ್ಚು ಅಡಗುವುದು ಅಲ್ಲೇ. ಒಂದು ಗುರುತು ಕಂಡರೂ ಫೋಟೋ ತೆಗೆದು ಕೆಳಗೆ ಹೋಗಿ. ಬೇರೆ ರೂಮು ಕೊಟ್ಟರೆ ಅದು ಪಕ್ಕದ್ದು, ನೇರ ಮೇಲಿನದ್ದು, ನೇರ ಕೆಳಗಿನದ್ದು ಆಗಿರಬಾರದು. ತಿಗಣೆ ಗೋಡೆಯ ಸಂದಿ, ವೈರಿನ ಕೊಳವೆಗಳಲ್ಲಿ ಅಲ್ಲಿಗೂ ಹೋಗಿರುತ್ತದೆ. ಸ್ಟಾರಿಗೂ ತಿಗಣೆಗೂ ಸಂಬಂಧವಿಲ್ಲ, ಅದು ಬರುವುದು ಪ್ರಯಾಣಿಕರ ಪೆಟ್ಟಿಗೆಯಲ್ಲಿ.

4. ನೀರು. ಬಿಸಿ ನೀರನ್ನು ಮೂರು ನಿಮಿಷ ಬಿಡಿ, ಫ್ಲಶ್ ಒತ್ತಿ, ಶವರ್ ನೀರು ಇಂಗುತ್ತದೆಯೋ ನಿಲ್ಲುತ್ತದೆಯೋ ನೋಡಿ.

5. ಎಸಿ. 22ಕ್ಕೆ ಇಟ್ಟು ಹತ್ತು ನಿಮಿಷ ಬಿಡಿ. ತಣ್ಣಗಾಗದಿದ್ದರೆ ದೂರುವ ಮುನ್ನ ಎರಡು ಸಂಗತಿ ನೋಡಿಕೊಳ್ಳಿ. ಬಾಗಿಲು ತೆರೆಯುವ ಕೀ ಕಾರ್ಡ್ ಗೋಡೆಯ ಗೂಡಿನಲ್ಲಿ ಇದೆಯೇ. ಕಿಟಕಿ, ಬಾಲ್ಕನಿ ಬಾಗಿಲು ಪೂರ್ತಿ ಮುಚ್ಚಿವೆಯೇ. ತೆರೆದಿದ್ದರೆ ಎಸಿ ತಾನೇ ನಿಲ್ಲುವ ಸೆನ್ಸರ್ ಅನೇಕ ಕಡೆ ಇದೆ. "ಎಸಿ ಕೆಟ್ಟಿದೆ" ಎಂಬ ದೂರುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ.

6. ಕಿವಿ. ಎಲ್ಲ ಆರಿಸಿ ಒಂದು ನಿಮಿಷ ಮಾತಾಡದೆ ನಿಲ್ಲಿ. ಲಿಫ್ಟಿನ ಗುರ್ ಅನ್ನುವ ಸದ್ದು, ಕೆಳಗಿನ ಅಡುಗೆಮನೆಯ ಎಕ್ಸಾಸ್ಟ್, ಪಕ್ಕದ ಟಿವಿ. ಹಗಲಲ್ಲಿ ಸಣ್ಣಗೆ ಕೇಳಿದ್ದು ರಾತ್ರಿ ಎರಡು ಗಂಟೆಗೆ ನಾಲ್ಕು ಪಟ್ಟಾಗಿ ಕೇಳುತ್ತದೆ.

ಕೊನೆಗೆ ಮಿನಿ ಬಾರ್ (ದುಡ್ಡಿಗೆ ಮಾರುವ ಪಾನೀಯ, ತಿನಿಸು ಇಟ್ಟ ಪುಟ್ಟ ಫ್ರಿಜ್), ಮೊದಲೇ ಇರುವ ಗೀರು, ಒಡಕು, ಕಲೆಗಳ ಫೋಟೋ. ಕೆಲವು ಮಿನಿ ಬಾರ್‌ಗಳಲ್ಲಿ ಬಾಟಲಿ ಎತ್ತಿದರೇ ಬಿಲ್ ಆಗುವ ಸೆನ್ಸರ್ ಇದೆ. ಮೊಸರನ್ನ ಇಡಲು ಅದನ್ನು ಖಾಲಿ ಮಾಡುವ ಮುನ್ನ ಕೇಳಿಕೊಳ್ಳಿ.

ದೂರು ಹೇಳುವ ಕ್ರಮ

ರೂಮಿನ ಫೋನಿನಲ್ಲಿ ಹೇಳಬೇಡಿ. ಕೆಳಗಿಳಿದು ಹೋಗಿ, ಫೋಟೋ ತೋರಿಸಿ. ಹತ್ತು ದೂರಿನ ಪಟ್ಟಿ ಓದಿದರೆ ಗೊಣಗುವವರ ಲೆಕ್ಕಕ್ಕೆ ಸೇರಿಸುತ್ತಾರೆ. ಅತಿ ದೊಡ್ಡ ಒಂದು ತೊಂದರೆ, ಅದಕ್ಕೆ ಬೇಕಾದ ಒಂದು ಪರಿಹಾರ, ಒಂದು ಸಮಯ: "ಬಿಸಿ ನೀರು ಬರುತ್ತಿಲ್ಲ. ಬೇರೆ ರೂಮು ಬೇಕು. ಅರ್ಧ ಗಂಟೆ ಇಲ್ಲೇ ಕೂತಿರುತ್ತೇವೆ." ದನಿ ಏರಿಸಬೇಡಿ. ಆದರೆ ಹಲ್ಲುಕಿರಿದು "ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೋತೀವಿ" ಅನ್ನುವುದೂ ಬೇಡ. ಅಡ್ಜಸ್ಟ್ ಎಂಬ ನಮ್ಮ ಗುಣವನ್ನು ಅಲ್ಲಿ ಒಪ್ಪಿಗೆ ಎಂದೇ ಬರೆದುಕೊಳ್ಳುತ್ತಾರೆ. ಬೇರೆ ರೂಮು ಕೊಟ್ಟರೆ ಪೆಟ್ಟಿಗೆ ಸಾಗಿಸುವ ಮೊದಲು ನೋಡಿ ಬನ್ನಿ.

"ಫುಲ್ ಆಗಿದೆ" ಅಂದರೆ ಡ್ಯೂಟಿ ಮ್ಯಾನೇಜರನ್ನು ಕೇಳಿ. ಅವರ ಹೆಸರು ಬರೆದುಕೊಳ್ಳಿ. ಮಾತಾಡಿದ್ದನ್ನು ಅಲ್ಲೇ ಕೂತು ಹೋಟೆಲಿಗೆ ಇಮೇಲ್ ಮಾಡಿ. ಸೈಟಿನಲ್ಲಿ ಬುಕ್ ಮಾಡಿದ್ದರೆ ಅವರ ಚಾಟ್‌ಗೂ ಅದೇ ದಿನ ಫೋಟೋ ಸಮೇತ ಹಾಕಿ. ಮನೆ, ರೂಮು ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿಯಲ್ಲಿ ತೊಂದರೆ ಕಂಡ 72 ಗಂಟೆಯೊಳಗೆ ತಿಳಿಸಬೇಕು. ಹೋಟೆಲ್ ಸೈಟುಗಳಲ್ಲಿ ಮೊದಲ 24 ಗಂಟೆಯೊಳಗೆ ಮುಗಿಸಿದರೆ ಕ್ಷೇಮ. ವಾಪಸ್ ಬಂದು ಬರೆದ ದೂರಿಗೆ ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ಅಲ್ಲಿದ್ದಾಗ ಯಾಕೆ ಹೇಳಲಿಲ್ಲ?"

ಏನು ಸಿಗಬಹುದು? ಒಂದು ರಾತ್ರಿ ಎಸಿ ಇಲ್ಲದಿದ್ದರೆ ಆ ರಾತ್ರಿಯ ದರವೋ ಮೇಲ್ದರ್ಜೆಯ ರೂಮೋ ಕೇಳುವುದು ನ್ಯಾಯ. ಗದ್ದಲಕ್ಕೆ ರೂಮು ಬದಲಾವಣೆ. ಬೆಳಗಿನ ತಿಂಡಿ ಹಿಡಿಸಲಿಲ್ಲ ಅನ್ನುವುದಕ್ಕೆ ಏನೂ ಇಲ್ಲ. ಐದು ರಾತ್ರಿಯದ್ದೂ ವಾಪಸ್ ಕೊಡಿ ಅನ್ನುವುದು ಮೊದಲ ದಿನವೇ ಬಿಟ್ಟು ಹೊರಡುವವರಿಗೆ ಮಾತ್ರ ಒಪ್ಪುವ ಮಾತು.

ಬಿಟ್ಟು ಹೊರಡುವುದಾದರೆ ಇಲ್ಲೇ ಹೆಚ್ಚಿನವರು ಎಡವುವುದು. ಕೋಪದಲ್ಲಿ ಪೆಟ್ಟಿಗೆ ಎಳೆದುಕೊಂಡು ಹೊರಟರೆ ಕಂಪ್ಯೂಟರಿನಲ್ಲಿ ಅದು "ಮೊದಲೇ ಹೋದರು" ಎಂದಷ್ಟೇ ದಾಖಲಾಗುತ್ತದೆ, ದುಡ್ಡು ಹೋಯಿತು. ಆಮೇಲೆ ಚೆಂಡಾಟ ಶುರು. ಹೋಟೆಲು "ದುಡ್ಡು ಸೈಟಿನ ಬಳಿ ಇದೆ" ಅನ್ನುತ್ತದೆ, ಸೈಟು "ಹೋಟೆಲು ಒಪ್ಪಿದರೆ ಕೊಡುತ್ತೇವೆ" ಅನ್ನುತ್ತದೆ. ಇದನ್ನು ಮುರಿಯುವ ದಾರಿ ಒಂದೇ. ಕೌಂಟರಿನ ಮುಂದೆ ನಿಂತೇ ಸೈಟಿನ ಸಹಾಯವಾಣಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಫೋನನ್ನು ಮ್ಯಾನೇಜರ್ ಮುಂದಿಡಿ. "ಉಳಿದ ರಾತ್ರಿಗಳಿಗೆ ಶುಲ್ಕ ಬೇಡ" ಎಂದು ಮ್ಯಾನೇಜರ್ ಬಾಯಲ್ಲಿ ಹೇಳಿಸಿ, ಅದನ್ನೇ ಒಂದು ಸಾಲಿನ ಇಮೇಲಾಗಿ ನಿಮಗೂ ಸೈಟಿಗೂ ಕಳಿಸುವಂತೆ ಕೇಳಿ. ಆ ಇಮೇಲ್ ಬಂದ ಮೇಲೆ ಕೀಲಿ ಕೊಡಿ.

ಬುಕ್ ಮಾಡಿದ್ದರೂ ರೂಮೇ ಇಲ್ಲ ಅನ್ನುವುದೂ ಉಂಟು. ಕೆಲವರು ಬರುವುದಿಲ್ಲವೆಂಬ ಅಂದಾಜಿನ ಮೇಲೆ ಹೋಟೆಲುಗಳು ಹೆಚ್ಚುವರಿ ಬುಕಿಂಗ್ ತೆಗೆದುಕೊಳ್ಳುತ್ತವೆ. ಎಲ್ಲರೂ ಬಂದ ದಿನ ತಡವಾಗಿ ಬಂದವರು, ಅಗ್ಗದ ದರದವರು ಹೊರಗೆ. ಸಮಾನ ದರ್ಜೆಯ ಇನ್ನೊಂದು ಹೋಟೆಲು, ಅಲ್ಲಿಗೆ ಟ್ಯಾಕ್ಸಿ, ದರದ ವ್ಯತ್ಯಾಸ: ಮೂರನ್ನೂ ಕೇಳಿ, ಈ ವೃತ್ತಿಯಲ್ಲಿ ಅದು ರೂಢಿ. ನೀವೇ ಬೇರೆ ಹೋಟೆಲು ಹುಡುಕುವ ಮುನ್ನ ಸೈಟಿಗೆ ತಿಳಿಸಿ. ಕೆಲವು ಪ್ರವಾಸ ವಿಮೆಗಳಲ್ಲಿ "ಬೌನ್ಸ್ಡ್ ಬುಕಿಂಗ್" ಎಂಬ ಕಲಮು ಇರುತ್ತದೆ. ಪಾಲಿಸಿ ತೆಗೆದು ನೋಡಿ, ರೂಮಿಲ್ಲ ಎಂದು ಹೋಟೆಲಿನಿಂದ ಬರೆಸಿಕೊಳ್ಳಿ. ರೂಮು ಹಿಡಿಸಲಿಲ್ಲ ಎಂಬುದಕ್ಕೆ ಮಾತ್ರ ಯಾವ ವಿಮೆಯೂ ದುಡ್ಡು ಕೊಡುವುದಿಲ್ಲ. ಥಾಯ್ಲೆಂಡಿನಲ್ಲಿ ಜಗಳ ಬೆಳೆದರೆ ಪ್ರವಾಸಿ ಪೊಲೀಸರ ಸಂಖ್ಯೆ 1155.

ನಮ್ಮ ಕಡೆಯಿಂದ ಆಗುವ ಎಡವಟ್ಟುಗಳನ್ನೂ ಹೇಳಬೇಕು. ರೂಮಿನಲ್ಲಿ ಊದುಬತ್ತಿ ಹಚ್ಚುವುದು, ದೀಪ ಇಡುವುದು, ರೈಸ್ ಕುಕ್ಕರಿನಲ್ಲಿ ಅನ್ನಕ್ಕಿಟ್ಟು ಒಗ್ಗರಣೆ ಹಾಕುವುದು. ಹೊಗೆ ಪತ್ತೆ ಯಂತ್ರ ಕೂಗಿದರೆ ಇಡೀ ಕಟ್ಟಡ ಬೀದಿಗೆ ಬರುತ್ತದೆ, ದಂಡದ ಬಿಲ್ಲು ನಿಮ್ಮ ಕಾರ್ಡಿಗೆ ಬರುತ್ತದೆ. ಅಡುಗೆ ಮಾಡಲೇಬೇಕೆಂದರೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹೋಟೆಲು ಹಿಡಿಯಿರಿ.

ವಾಪಸ್ ಬಂದ ಮೇಲೆ

ಬಟ್ಟೆಯಲ್ಲಿ ತಿಗಣೆಯ ಅನುಮಾನವಿದ್ದರೆ ಪೆಟ್ಟಿಗೆಯನ್ನು ಮನೆಯೊಳಗೆ ತರಬೇಡಿ, ಬಾಲ್ಕನಿಯಲ್ಲೇ ಬಿಚ್ಚಿ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೇರ ಯಂತ್ರಕ್ಕೆ, 60 ಡಿಗ್ರಿ ನೀರಿಗೆ. ಪೆಟ್ಟಿಗೆಯ ಹೊಲಿಗೆ, ಜಿಪ್ಪುಗಳಿಗೆ ವ್ಯಾಕ್ಯೂಮ್.

ಮುಂದಿನ ಎರಡು ಬಿಲ್ಲಿನವರೆಗೆ ಕಾರ್ಡ್ ಸ್ಟೇಟ್‌ಮೆಂಟ್ ನೋಡುತ್ತಿರಿ. ಮಿನಿ ಬಾರ್, "ಹಾನಿ ಶುಲ್ಕ" ಎಂಬ ಹೆಸರಿನಲ್ಲಿ ತಡವಾಗಿ ಬರುವುದಿದೆ. ಹೊರಡುವಾಗ ತೆಗೆದ ರೂಮಿನ ಫೋಟೋ, ಶೂನ್ಯ ಬಾಕಿಯ ಬಿಲ್ಲು ಆಗ ಕೆಲಸಕ್ಕೆ ಬರುತ್ತವೆ. ಹೋಟೆಲು, ಸೈಟು ಎರಡೂ ಕೈಚೆಲ್ಲಿದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಕಾರ್ಡಿನಲ್ಲಿ ಕಟ್ಟಿದ ದುಡ್ಡನ್ನು ಬ್ಯಾಂಕಿನ ಮೂಲಕ ವಾಪಸ್ ಪಡೆಯುವ ಕ್ರಮ) ಕೇಳಿ. ವೀಸಾ, ಮಾಸ್ಟರ್‌ಕಾರ್ಡ್‌ನಲ್ಲಿ ಸಾಮಾನ್ಯವಾಗಿ 120 ದಿನದ ಗಡುವು. ಬ್ಯಾಂಕು ಅದಕ್ಕೂ ಮೊದಲೇ ಕೇಳಬಹುದು, ಒಂದು ತಿಂಗಳೊಳಗೆ ಮುಗಿಸಿ. "ವಿವರಿಸಿದಂತೆ ಸೇವೆ ಇರಲಿಲ್ಲ" ಎಂಬುದು ಕಾರಣ. ಸೈಟಿನ ವಿವರಣೆಯ ಸ್ಕ್ರೀನ್‌ಶಾಟ್, ರೂಮಿನ ಫೋಟೋ, ಅದೇ ದಿನದ ದೂರಿನ ಇಮೇಲ್, ಈ ಮೂರು ಪುರಾವೆ ಇದ್ದರೆ ಗಟ್ಟಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಇಲ್ಲಿನ ಟ್ರಾವೆಲ್ ಏಜೆನ್ಸಿಯಿಂದ ಪ್ಯಾಕೇಜ್ ತೆಗೆದುಕೊಂಡವರ ದಾರಿ ಸುಲಭ. ಕರಪತ್ರದಲ್ಲಿ "3 ಸ್ಟಾರ್ ಅಥವಾ ಸಮಾನ" ಎಂದಿರುತ್ತದೆ. ಆ "ಸಮಾನ" ಎಂಬ ಪದದಲ್ಲೇ ಊರಿನಿಂದ 30 ಕಿ.ಮೀ. ಆಚೆಯ ಹೆದ್ದಾರಿ ಪಕ್ಕದ ಹೋಟೆಲು ಅಡಗಿರುತ್ತದೆ. ದುಡ್ಡು ಕಟ್ಟುವ ಮುನ್ನ ಹೋಟೆಲಿನ ಹೆಸರು, ಊರ ಮಧ್ಯದಿಂದ ದೂರ ಎರಡನ್ನೂ ಬರವಣಿಗೆಯಲ್ಲಿ ಪಡೆಯಿರಿ. ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಎರಡು ವರ್ಷದೊಳಗೆ, ಸರ್ಕಾರದ ಇ-ಜಾಗೃತಿ ಪೋರ್ಟಲಿನ ಮೂಲಕ ದೂರು ಹಾಕಬಹುದು. ಕಟ್ಟಿದ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ.

ವಿಮರ್ಶೆ ಬರೆಯುವುದಾದರೆ ಊರಿಗೆ ಬಂದ ಮೇಲೆ ಬರೆಯಿರಿ. 2020ರಲ್ಲಿ ಥಾಯ್ಲೆಂಡಿನ ಕೊ ಚಾಂಗ್ ದ್ವೀಪದ ರೆಸಾರ್ಟೊಂದು, ಕೆಟ್ಟ ವಿಮರ್ಶೆ ಬರೆದ ಅಮೆರಿಕನ್ನನೊಬ್ಬನ ಮೇಲೆ ಮಾನನಷ್ಟದ ದೂರು ಕೊಟ್ಟು ಅವನನ್ನು ಬಂಧಿಸಲಾಗಿತ್ತು. ಕೊನೆಗೆ ಕ್ಷಮೆ ಕೇಳಿ ಬಗೆಹರಿಯಿತು. ಅಲ್ಲಿ ಮಾನನಷ್ಟ ಕ್ರಿಮಿನಲ್ ಅಪರಾಧ. ಯುಎಇಯಲ್ಲೂ ಆನ್‌ಲೈನ್ ನಿಂದನೆಗೆ ಕಠಿಣ ಕಾನೂನಿದೆ. "ಕಳ್ಳರು", "ಮೋಸಗಾರರು" ಎಂಬ ಪದ ಬೇಡ. ತಾರೀಖು, ಮಹಡಿ, ರೂಮು ಯಾವ ಕಡೆಗೆ ಮುಖ ಮಾಡಿತ್ತು, ಎಷ್ಟು ಗಂಟೆಗೆ ದೂರು ಹೇಳಿದಿರಿ, ಅವರು ಏನು ಮಾಡಿದರು, ಇಷ್ಟು ಬರೆಯಿರಿ. ಕನ್ನಡದಲ್ಲೂ ಒಂದು ಪ್ಯಾರಾ ಹಾಕಿ. ಜೆಟ್ ಸ್ಪ್ರೇ ಇತ್ತೇ, ಮೊಟ್ಟೆಯಿಲ್ಲದ ತಿಂಡಿ ಸಿಕ್ಕಿತೇ, ಅಜ್ಜಿಗೆ ಮೆಟ್ಟಿಲು ಎಷ್ಟು ಎಂಬ ಪ್ರಶ್ನೆಗಳಿಗೆ ಬೇರೆ ಭಾಷೆಯ ವಿಮರ್ಶೆಗಳಲ್ಲಿ ಉತ್ತರ ಸಿಗುವುದು ಅಪರೂಪ.